ಅಪ್ರಮತ್ತ ದಾನ

ಮಾಘಮಾಸದ ಭಾರತ ಹುಣ್ಣಿಮೆಗೆ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆದು, ಸಾಂಗಲಿ, ಕೊಲ್ಲಾಪುರಗಳ ಕಡೆಯಿಂದ ಬಂದ ಭಕ್ತಸಮೂಹವು ಭಂಡಾರವನ್ನು ಹಾರಿಸಿ, ಬಂಡಿಗಳನ್ನು ಹೂಡಿಕೊಂಡು ತಂತಮ್ಮ ಊರುಗಳಿಗೆ ಮರಳಿದ ಮೇಲೆ, ರಾಯಬಾಗ ಸೀಮೆಯಲ್ಲಿ ಬಿಸಿಲು ದಿನೇ ದಿನೇ ಬಲಿಯತೊಡಗುತ್ತದೆ. ಕೃಷ್ಣೆಯ ಹರಿವು ಕೃಶವಾಗಿ, ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಗಿ ಬರುವ ಕಾಲವದು. ದಾರಿಹೋಕನಿಗೆ ಅರವಟ್ಟಿಗೆಯುಂಟು, ದನಕರುಗಳಿಗೆ ಕಲ್ಲುದೋಣಿಯುಂಟು. ಗುಬ್ಬಿ ಗೊರವಂಕಗಳಿಗೂ ಅಂಗಳದಲ್ಲೊಂದು ಕಾಂಕ್ರೀಟಿನ ತೊಟ್ಟಿಯಿರಲೆಂದು ಗೃಹಸ್ಥನಿಗೆ ತೋರುವುದು ಸಹಜವೇ. ಭೂತಯಜ್ಞವನ್ನು ಪಂಚಮಹಾಯಜ್ಞಗಳಲ್ಲಿ ಎಣಿಸಿ, ಬಾವಿ ಕೆರೆ ತೋಪುಗಳ ನಿರ್ಮಾಣವನ್ನು ಪೂರ್ತಕರ್ಮವೆಂದು ಕೊಂಡಾಡಿದ ಪರಂಪರೆಯು ಈ ಸಂಕಲ್ಪವನ್ನು ಪುಣ್ಯವೆನ್ನದೆ ಬಿಡದು. ಆದರೆ ಸದುದ್ದೇಶದಿಂದ ಇಟ್ಟ ನೀರೇ ಹಕ್ಕಿಗೆ ಹಾನಿಯನ್ನುಂಟುಮಾಡಿದರೆ, ಆ ದಾನವನ್ನು ಪುಣ್ಯವೆನ್ನೋಣವೋ ಪಾಪವೆನ್ನೋಣವೋ?

ಉದ್ದೇಶ ಶುದ್ಧವಾಗಿದ್ದರೆ ಸಾಕು, ಫಲ ದೈವಾಧೀನ ಎಂಬುದು ಲೋಕದ ಸುಲಭವಾದ ಸಮಾಧಾನ. 1925ರಲ್ಲಿ ಶೇಡಬಾಳದಲ್ಲಿ ಆಚಾರ್ಯ ವಿದ್ಯಾನಂದರಿಗೂ 1946ರಲ್ಲಿ ಸದಲಗಾದಲ್ಲಿ ಆಚಾರ್ಯ ವಿದ್ಯಾಸಾಗರರಿಗೂ ಜನ್ಮವಿತ್ತ ಈ ನೆಲದ ಜೈನಧರ್ಮವು ಅಷ್ಟಕ್ಕೆ ತೃಪ್ತಿಪಡುವುದಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ದ್ವೇಷವನ್ನು ಮುಂದೊಡ್ಡದೆ ಪ್ರಮಾದವನ್ನೇ, ಎಂದರೆ ಎಚ್ಚರದಪ್ಪಿದ ಪ್ರವೃತ್ತಿಯನ್ನೇ, ಮೂಲದಲ್ಲಿ ನಿಲ್ಲಿಸುತ್ತದೆ. ಕುಳಿತುಕೊಳ್ಳುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುವ ದಿಗಂಬರ ಮುನಿಗೆ ಒಂದು ವಸ್ತುವನ್ನು ಎತ್ತುವುದೂ ಇಡುವುದೂ ಸಮಿತಿಯೆಂಬ ಶಿಸ್ತಿಗೆ ಒಳಪಟ್ಟ ಕ್ರಿಯೆಗಳು. ಕಮಂಡಲುವನ್ನು ನೆಲಕ್ಕಿಡುವುದರಲ್ಲೇ ಇಷ್ಟು ಜಾಗರೂಕತೆ ಬೇಕಾದ ಪಕ್ಷದಲ್ಲಿ, ವರ್ಷಗಟ್ಟಲೆ ನಿಲ್ಲಬೇಕಾದ ತೊಟ್ಟಿಯನ್ನು ಜೀವಿಗಳ ಮುಂದಿಡುವವನಿಗೆ ಎಷ್ಟು ಬೇಡ!

ಗೌಂಡಿಯು ಗಿಲಾವು ನಯಮಾಡಿ ಕೈ ತೊಳೆದೊಡನೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯುವುದು ಪ್ರಮಾದದ ಮೊದಲ ಮೆಟ್ಟಿಲು. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಸುಣ್ಣದ ಅಂಶ ಬಿಡುಗಡೆಯಾಗುತ್ತದೆ. ಹೊಸ ತೊಟ್ಟಿಯಲ್ಲಿ ನಿಂತ ನೀರು ಅದರಿಂದ ತೀಕ್ಷ್ಣವಾದ ಕ್ಷಾರವಾಗಿ, ಪಕ್ಷಿಯ ಬಾಯಿಗೂ ಕಣ್ಣಿಗೂ ಬಾಧಕವಾಗುತ್ತದೆ. ಆದುದರಿಂದ ಒದ್ದೆ ಗೋಣಿತಟ್ಟು ಹೊದಿಸಿ ಕನಿಷ್ಠ 7 ದಿನ ನೀರುಣಿಸಬೇಕು. 28 ದಿನಗಳವರೆಗೆ ಬಲಿಯಗೊಡಬೇಕು. ಬಳಿಕ ನೀರು ತುಂಬಿಸುತ್ತ, ಚೆಲ್ಲುತ್ತ, ಸುಣ್ಣವು ಕಳೆಯುವ ತನಕ ಕಾಯಬೇಕು. ಕಳೆಯಿತೆಂದು ತಿಳಿಯುವ ಬಗೆಗೆ ಪ್ರಯೋಗಶಾಲೆಯೇನೂ ಬೇಡ. ದೇವಿಗೆ ಭಂಡಾರವಾಗಿ ಅರ್ಪಿತವಾಗುವ ಅರಿಸಿನವೇ ಇದಕ್ಕೆ ಸಾಕ್ಷಿ. ರಾತ್ರಿಯಿಡೀ ತೊಟ್ಟಿಯಲ್ಲಿದ್ದ ನೀರನ್ನು ಒಂದು ಬಟ್ಟಲಿಗೂ, ಅದೇ ಬಾವಿಯ ತಾಜಾ ನೀರನ್ನು ಇನ್ನೊಂದಕ್ಕೂ ತೆಗೆದುಕೊಂಡು ಚಿಟಿಕೆ ಅರಿಸಿನ ಕದಡಿದರೆ, ಸುಣ್ಣವುಳಿದಿರುವ ನೀರು ಓಕುಳಿಯಂತೆ ಕೆಂಪೇರುತ್ತದೆ. ಎರಡೂ ಬಟ್ಟಲುಗಳು ಒಂದೇ ಬಣ್ಣಕ್ಕೆ ನಿಲ್ಲುವವರೆಗೆ ಹಕ್ಕಿಗಳನ್ನು ಆಹ್ವಾನಿಸಲಾಗದು.

ಅಂದಕ್ಕಾಗಿ ಒಳಮೈಗೆ ಎಣ್ಣೆಬಣ್ಣ ಬಳಿಯುವುದೂ ಜಾರುವ ಹಂಚು ಕೂರಿಸುವುದೂ ಕರ್ತನ ಕಣ್ಣಿನ ಸುಖಕ್ಕಲ್ಲದೆ ಹಕ್ಕಿಯ ಸುಖಕ್ಕಲ್ಲ. ಉಗುರಿಗೆ ಹಿಡಿತ ಸಿಗುವಷ್ಟು ತರಿಯಾದ ಮೈ, ಅಂಚಿನಿಂದ ಇಳಿಜಾರಾಗಿ ನಡುವೆ ಎರಡು ಅಂಗುಲ ಮೀರದ ಆಳ, ಬೆಕ್ಕು ಹೊಂಚುಹಾಕುವ ಪೊದೆಯಿಂದ ದೂರ, ಮಗು ಜಗ್ಗಿದರೂ ಉರುಳದ ಪೀಠ: ಇವಿಷ್ಟೇ ಅದಕ್ಕೆ ಬೇಕಾದ ಅಲಂಕಾರ. ಇನ್ನು, ಹಕ್ಕಿಯ ಮೇಲಿನ ಕರುಣೆಯು ಗೌಂಡಿಯ ಕೈಯನ್ನು ಮರೆಯಬಾರದು. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ; ಒಣಗಿದ ಕಾಂಕ್ರೀಟನ್ನು ಉಜ್ಜಿದಾಗ ಏಳುವ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿ ಅಲ್ಲಿಯೇ ನೆಲೆಸುತ್ತದೆ. ಅವನಿಗೆ ಕೈಗವಸನ್ನೂ ಮುಖವಸ್ತ್ರವನ್ನೂ ಒದಗಿಸದೆ, ನೀರು ಚಿಮುಕಿಸಿ ಉಜ್ಜೆಂದು ಹೇಳದೆ, ಗುಬ್ಬಿಗಾಗಿ ಕಣ್ಣೀರಿಡುವವನ ದಯೆಯು ಅರ್ಧದಯೆ.

ಕಟ್ಟಿದ ಬಳಿಕ ಉಳಿಯುವುದೇ ನಿಜವಾದ ವ್ರತ. ನಿಂತ ನೀರಿನಲ್ಲಿ ಹಿಕ್ಕೆ ಕದಡಿ, ರೋಗವು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಡೆಂಗೀ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಒಂದು ವಾರದ ಆಸುಪಾಸು ಸಾಕು, ಮತ್ತು ಅದರ ಮೊಟ್ಟೆಗಳು ನೀರಂಚಿನ ಗೋಡೆಗೆ ಅಂಟಿ ಒಣಗಿದರೂ ಬದುಕಿರುತ್ತವೆ. ಹುಳು ಹುಟ್ಟಿದ ಮೇಲೆ ಅಹಿಂಸಾವ್ರತಿಗೆ ಧರ್ಮಸಂಕಟ: ಕೊಂದರೆ ಜೀವಹಾನಿ, ಬಿಟ್ಟರೆ ನೆರೆಮನೆಗೆ ಜ್ವರ. ದಿನವೂ ನೀರು ಚೆಲ್ಲಿ, ಸಾಬೂನು ಸೋಕಿಸದೆ ಕುಂಚದಿಂದ ಅಂಚನ್ನು ತಿಕ್ಕಿ, ಹೊಸ ನೀರು ತುಂಬುವವನಿಗೆ ಈ ಸಂಕಟ ಬರುವುದೇ ಅಪರೂಪ. ಅವನು ಸಂಕಟವನ್ನು ತರ್ಕದಿಂದ ಬಿಡಿಸುವುದಿಲ್ಲ, ನಿತ್ಯದ ದುಡಿಮೆಯಿಂದ ತಡೆಯುತ್ತಾನೆ. ಸೊರಗಿದ ಹಕ್ಕಿಯೊಂದು ಅಲ್ಲಿ ಕಂಡರೆ ತೊಟ್ಟಿಯನ್ನು ಬರಿದುಮಾಡಿ, ತೊಳೆದು, ಕೆಲವು ದಿನ ಒಣಗಲು ಬಿಡುವುದೂ ಅದೇ ಧರ್ಮದ ಭಾಗ.

ಆದುದರಿಂದ, ದಾನವು ಕೊಟ್ಟ ಕ್ಷಣಕ್ಕೆ ಮುಗಿಯುವ ಕ್ರಿಯೆಯಲ್ಲ. ಸ್ವೀಕರಿಸಿದ ಜೀವಿಯ ಕ್ಷೇಮದವರೆಗೆ ಅದು ಕೊಟ್ಟವನ ಹೊಣೆಯಾಗಿ ಚಾಚಿಕೊಂಡಿರುತ್ತದೆ. ಮಾತು ಬಾರದ ಜೀವಿಗಳ ವಿಷಯದಲ್ಲಿಯಂತೂ, ನೀರು ಕೆಟ್ಟಿದೆಯೆಂದು ದೂರುವವರೇ ಇಲ್ಲದಿರುವುದರಿಂದ, ಆ ಹೊಣೆ ಇಮ್ಮಡಿ. ದಿನಕ್ಕೊಮ್ಮೆ ನೀರು ಬದಲಿಸಲಾರದವರು ಕಾಂಕ್ರೀಟಿನ ತೊಟ್ಟಿಯನ್ನು ಕಟ್ಟಿಸದಿರಲಿ. ಕುಂಬಾರನಿಂದ ಒಂದು ಮಣ್ಣಿನ ತಟ್ಟೆಯನ್ನು ತಂದು, ನೀರು ಹಾಕಿದ ದಿನ ಹೊರಗಿಟ್ಟು, ಹಾಕಲಾಗದ ದಿನ ಕವುಚಿಡಲಿ.