ಪಟ್ಟ ಯಾರಿಗೆ?

ಬಂಧುವೊಬ್ಬರನ್ನು ಬೀಳ್ಕೊಡಲೆಂದು ಆನಂದಪುರದ ರೈಲುನಿಲ್ದಾಣಕ್ಕೆ ಹೋಗಿದ್ದ ಒಂದು ಮಳೆಗಾಲದ ಸಂಜೆ, ತಾಳಗುಪ್ಪದ ಕಡೆಯಿಂದ ಬರಬೇಕಾಗಿದ್ದ ಬಂಡಿಯನ್ನು ಕಾಯುತ್ತ ನಿಂತಿದ್ದ ನಾಲ್ವರು ತರುಣರ ವಾದವು ನನ್ನ ಕಿವಿಗೆ ಬಿತ್ತು. ಅವರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವರು. ಬೆಂಗಳೂರು ಎಫ್‌ಸಿ ಎಂಬ ಕಾಲ್ಚೆಂಡಿನ ತಂಡಕ್ಕೆ ಮುಂದಿನ ಕೋಚ್ ಯಾರಾಗಬೇಕೆಂಬುದು ಅವರ ಚರ್ಚೆಯ ವಿಷಯ. ಒಬ್ಬನಿಗೆ ಸ್ಪೇನಿನ ಪದ್ಧತಿಯಲ್ಲಿ ಪಳಗಿದವನೇ ಬೇಕು. ಮತ್ತೊಬ್ಬನಿಗೆ ನಮ್ಮ ಹುಡುಗರ ಮನಸ್ಸನ್ನು ಬಲ್ಲ ಭಾರತೀಯನೇ ಬೇಕು. ಮೂರನೆಯವನಿಗೆ, ಎಲ್ಲಿಯವನಾದರೂ ಸರಿ, ಗೆದ್ದು ಬಂದವನು ಬೇಕು. ಬಹಳ ಹೊತ್ತು ಸುಮ್ಮನಿದ್ದ ನಾಲ್ಕನೆಯವನು ಕೊನೆಗೆ ಕೇಳಿದನು: "ಕೋಚ್ ಬದ್ಲಾದ್ರೆ ಆಟವೂ ಬದ್ಲಾಗ್ತದಾ ಮಾರಾಯ?"

ಈ ಪ್ರಶ್ನೆಯನ್ನು ನಾನು ಕ್ಷುಲ್ಲಕವೆಂದು ಬಗೆಯಲಾರೆ. ಕುರುಕ್ಷೇತ್ರದ ಯುದ್ಧಕ್ಕೆ ಮುನ್ನ, ಏಳು ಅಕ್ಷೌಹಿಣಿಯ ತನ್ನ ಸೈನ್ಯಕ್ಕೆ ಸೇನಾಪತಿ ಯಾರಾಗಬೇಕೆಂದು ಧರ್ಮರಾಯನು ತಮ್ಮಂದಿರನ್ನು ಕೇಳಿದಾಗ, ಸಹದೇವನು ವಿರಾಟನನ್ನೂ, ನಕುಲನು ದ್ರುಪದನನ್ನೂ, ಅರ್ಜುನನು ಧೃಷ್ಟದ್ಯುಮ್ನನನ್ನೂ, ಭೀಮನು ಶಿಖಂಡಿಯನ್ನೂ ಸೂಚಿಸಿ, ಒಬ್ಬೊಬ್ಬನೂ ತನ್ನ ಪಕ್ಷಕ್ಕೆ ಕಾರಣಗಳನ್ನು ಕೊಟ್ಟನೆಂಬುದು ಉದ್ಯೋಗಪರ್ವದ ವೃತ್ತಾಂತ. ಕೊನೆಗೆ ಪಟ್ಟವು ಧೃಷ್ಟದ್ಯುಮ್ನನಿಗೆ ಆಯಿತು, ಮತ್ತು ಯುದ್ಧವು ಮುಗಿಯುವವರೆಗೂ ಅವನಲ್ಲಿಯೇ ನಿಂತಿತು. ಎದುರು ಪಾಳೆಯದಲ್ಲಾದರೋ ಭೀಷ್ಮನು ಹತ್ತು ದಿನ, ದ್ರೋಣನು ಐದು ದಿನ, ಕರ್ಣನು ಎರಡು ದಿನ, ಶಲ್ಯನು ದಿನವೊಂದರ ಒಂದಂಶ ಮಾತ್ರ ಆ ಪದವಿಯಲ್ಲಿದ್ದರು. ಇವರಲ್ಲಿ ಅಸಮರ್ಥನೆನ್ನಬಹುದಾದವನು ಒಬ್ಬನೂ ಇಲ್ಲ. ಆದರೂ ದುರ್ಯೋಧನನು ಪಟ್ಟವನ್ನು ತಲೆಯಿಂದ ತಲೆಗೆ ಸಾಗಿಸಿದನೇ ಹೊರತು, ಯಾವ ತಳಹದಿಯ ಮೇಲೆ ತನ್ನ ಯುದ್ಧವು ನಿಂತಿದೆಯೆಂಬುದನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ. ಸೇನಾಪತಿಗಳು ಬದಲಾದರು, ಸೋಲಿನ ಬೇರು ಬದಲಾಗಲಿಲ್ಲ.

ಆ ತರುಣರು ಪ್ರೀತಿಸುವ ತಂಡದ ಚರಿತ್ರೆಯೂ ಇದೇ ವಿಚಾರಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. 2013ರಲ್ಲಿ ಹುಟ್ಟಿದ ಆ ತಂಡವು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರ ಕೈಕೆಳಗೆ ಮೊದಲ ವರ್ಷದಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಪಡೆಯಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಪ್ರಥಮ ಭಾರತೀಯ ತಂಡವೆಂಬ ಕೀರ್ತಿಯೂ ಅದಕ್ಕೆ ಬಂದಿತು. ಆದರೆ ಆ ಪಂದ್ಯಾವಳಿಯ ಮೊದಲರ್ಧವನ್ನು ನಡೆಸಿದವರು ವೆಸ್ಟ್‌ವುಡ್, ಉಳಿದರ್ಧವನ್ನು ನಡೆಸಿದವರು ಸ್ಪೇನಿನ ಆಲ್ಬರ್ಟ್ ರೋಕಾ. ಆ ಕೀರ್ತಿಯು ಯಾರದು? ರೋಕಾ ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರು ಬಳಿಕ ಮುಖ್ಯಸ್ಥಾನಕ್ಕೆ ಬಂದು, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದ ಎದುರು ಐಎಸ್‌ಎಲ್ ಪ್ರಶಸ್ತಿಯನ್ನು ಗೆಲ್ಲಿಸಿದರು. ಹೆಚ್ಚುವರಿ ವೇಳೆಯೂ ತೀರುತ್ತ ಬಂದ 117ನೆಯ ನಿಮಿಷದಲ್ಲಿ, ಮೂಲೆಯಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆಗೊಟ್ಟ ಆ ಒಂದೇ ಗೋಲಿನಿಂದ. ಎರಡು ವರ್ಷಗಳು ತುಂಬುವ ಮೊದಲೇ, 2021ರ ಜನವರಿಯಲ್ಲಿ, ಸತತ ಸೋಲುಗಳ ಬಳಿಕ ಅದೇ ಕ್ವಾದ್ರಾತ್ ಆ ಸ್ಥಾನವನ್ನು ಬಿಟ್ಟು ಹೊರಡಬೇಕಾಯಿತು. ಮನುಷ್ಯನು ಅವನೇ, ವಿದ್ಯೆಯೂ ಅದೇ. ಫಲ ಮಾತ್ರ ಬೇರೆ. ಹಾಗಿದ್ದರೆ ಮೊದಲಿನ ಗೆಲವಾಗಲಿ ಆಮೇಲಿನ ಸೋಲಾಗಲಿ ಅವನೊಬ್ಬನದೇ ಎಂದು ಹೇಗೆ ಹೇಳೋಣ?

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವ ಕರ್ಮಕ್ಕೂ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಕಾಲ್ಚೆಂಡಿನ ಅಂಗಣದಲ್ಲಿ ಇವು ಐದನ್ನೂ ಕಾಣಬಹುದು. ನೆಲ, ಹಣ, ಆಡಳಿತ, ಪಡುಗಡೆಯ ಮೆಟ್ಟಿಲುಗಳಲ್ಲಿ ನಿಂತು ಹಾಡುವ ಅಭಿಮಾನಿಗಳ ಸಮೂಹ, ಇವು ಅಧಿಷ್ಠಾನ, ಕೋಚ್ ಕರ್ತೃ, ಹನ್ನೊಂದು ಮಂದಿ ಆಟಗಾರರು ಕರಣ, ತಿಂಗಳುಗಟ್ಟಲೆಯ ಅಭ್ಯಾಸ ಚೇಷ್ಟೆ, ಗೋಲುಗಂಬಕ್ಕೆ ತಗುಲಿದ ಚೆಂಡು ಒಳಕ್ಕೆ ಹೋಯಿತೋ ಹೊರಕ್ಕೆ ಬಂದಿತೋ ಎಂಬುದು ದೈವ. ಇಷ್ಟೂ ಇರುತ್ತ ತನ್ನನ್ನೊಬ್ಬನನ್ನೇ ಕರ್ತೃವೆಂದು ತಿಳಿಯುವವನ ಬುದ್ಧಿಯು ಸಂಸ್ಕಾರ ಪಡೆಯದ ಬುದ್ಧಿಯೆಂದು ಗೀತೆಯ ಅಭಿಪ್ರಾಯ. ಇದು ಮಾಡುವವನಿಗೆ ಹೇಳಿದ ಮಾತಾದರೂ ನೋಡುವವನಿಗೂ ಸಲ್ಲುತ್ತದೆ. ಅನ್ಯನೊಬ್ಬನ ಮೇಲೆ ಸಮಸ್ತ ಕರ್ತೃತ್ವವನ್ನೂ ಹೊರಿಸಿ, ಗೆದ್ದರೆ ಪೂಜಿಸಿ ಸೋತರೆ ದೂಷಿಸುವುದೂ ಆ ಬುದ್ಧಿಯ ದೋಷವೇ.

ಹಾಗಾದರೆ ಕೋಚ್ ಎಂಬವನು ನಿರ್ದೋಷಿಯೆ, ಅವನಿಲ್ಲದೆಯೂ ನಡೆದೀತೆ ಎಂದು ಕೇಳುವವರಿದ್ದಾರೆ. ನಡೆಯದು. ದೈವವನ್ನು ಕರೆದು ವಿಚಾರಿಸಲಾಗದು, ನೆಲವನ್ನು ತಿದ್ದಿಕೋ ಎನ್ನಲಾಗದು. ತಾನು ಮಾಡಿದ್ದಕ್ಕೆ ಉತ್ತರ ಹೇಳುವ ಹೊಣೆ ಕರ್ತೃವಿಗೆ ಇದ್ದೇ ಇದೆ. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಬಡಗಿಯ ಉಳಿಗೆ ಸ್ವಂತ ಇಚ್ಛೆಯಿಲ್ಲ. ಕೋಚಿನ ಕರಣಗಳಾದರೋ ಇಚ್ಛೆಯುಳ್ಳ, ಭಯವುಳ್ಳ, ಮಾನವುಳ್ಳ ಜೀವಗಳು, ಒಬ್ಬೊಬ್ಬನೂ ತನ್ನ ಮಟ್ಟಿಗೆ ಕರ್ತೃವೇ. ಆಟ ಆರಂಭವಾದ ಮೇಲೆ ಗೆರೆಯ ಹೊರಗೆ ನಿಲ್ಲಬೇಕಾದ ಆತನು ಚೆಂಡನ್ನು ಮುಟ್ಟುವಂತಿಲ್ಲ. ಆದುದರಿಂದ ಇತರರ ಕರ್ತೃತ್ವವನ್ನು ಎಚ್ಚರಿಸಿ ತಾನು ಹಿಂದಕ್ಕೆ ಸರಿಯುವುದರಲ್ಲಿಯೇ ಆತನ ಕರ್ತೃತ್ವವು ಪೂರ್ಣವಾಗುತ್ತದೆ.

ಈ ತತ್ತ್ವವನ್ನು ಕಲಿಯಲು ನಾವು ಬಹುದೂರ ಹೋಗಬೇಕಾಗಿಲ್ಲ. ಆನಂದಪುರದ ನೆರೆಯ ಶಿಕಾರಿಪುರ ಸೀಮೆಯ ಬಳ್ಳಿಗಾವಿಯಲ್ಲಿ ಅಲ್ಲಮನು ಮದ್ದಳೆಗಾರನಾಗಿದ್ದನೆಂದು ಹರಿಹರನು ತನ್ನ ರಗಳೆಯಲ್ಲಿ ಹೇಳಿದ್ದಾನೆ. ಮದ್ದಳೆಗಾರನು ಕುಣಿಯುವವನಲ್ಲ, ಆದರೂ ಕುಣಿಯುವವರ ಹೆಜ್ಜೆಗೆ ಅವನ ಬೆರಳೇ ಆಧಾರ. ಆ ಅಲ್ಲಮನನ್ನೇ, ಕಲ್ಯಾಣದಲ್ಲಿ ಅನುಭವಮಂಟಪವನ್ನು ಕಟ್ಟಿದ ಬಸವಣ್ಣನವರು, ತಾವು ಏರದೆ, ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸಿದರೆಂಬುದು ಶೂನ್ಯಸಂಪಾದನೆಗಳ ಕಥನ. ಶೂನ್ಯಸಿಂಹಾಸನದ ಆ ವಿರಕ್ತಪರಂಪರೆಯ ಮುರುಘಾಮಠವೊಂದು ಆನಂದಪುರದಲ್ಲಿಯೇ ಇದೆ. ಆಸನಕ್ಕೆ ಶೂನ್ಯವೆಂಬ ಹೆಸರನ್ನಿಟ್ಟ ಹಿರಿಯರು, ಅದರ ಮೇಲೆ ಕುಳಿತುಕೊಳ್ಳುವವನ ಯೋಗ್ಯತೆಯನ್ನೂ ಆ ಹೆಸರಿನಲ್ಲಿಯೇ ಸೂಚಿಸಿದರು: ನಾನು ಎಂಬುದು ಖಾಲಿಯಾದವನು ಮಾತ್ರ ಅನೇಕರಿಗೆ ಎಡೆಗೊಡಬಲ್ಲನು.

ಕಾಲ್ಚೆಂಡಿನ ಲೋಕದಲ್ಲಿಯೂ ಅಂಥವರನ್ನು ನಾವು ಕಂಡಿದ್ದೇವೆ. ಹೈದರಾಬಾದಿನ ಶಾಲಾ ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಅವರು 1951ರಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ತಂದುಕೊಟ್ಟರು. 1962ರಲ್ಲಿ, ಅರ್ಬುದರೋಗವು ದೇಹವನ್ನು ತಿನ್ನುತ್ತಿದ್ದಾಗಲೂ ಜಕಾರ್ತದಲ್ಲಿ ತಂಡದ ಬೆನ್ನಿಗೆ ನಿಂತು, ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಎದುರು ಅದನ್ನು 2-1ರಿಂದ ಗೆಲ್ಲಿಸಿ, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ತನಗೆ ನಾಳೆಯಿಲ್ಲವೆಂದು ಕಂಡವನು ಪರರ ನಾಳೆಗಾಗಿ ದುಡಿದ ಆ ಶ್ರಮವನ್ನು ನಾನು ಯೋಗವೆಂದೇ ಕರೆಯುತ್ತೇನೆ.

ಆ ನಾಲ್ಕನೆಯ ತರುಣನಿಗೆ ಈಗ ಉತ್ತರ ಹೇಳುವುದಾದರೆ ಇಷ್ಟು: ಕೋಚ್ ಬದಲಾದರೆ ಐದರಲ್ಲಿ ಒಂದು ಬದಲಾಗುತ್ತದೆ, ಬಂದವನು ಪರರನ್ನು ಎಚ್ಚರಿಸುವವನಾದರೆ ಆ ಒಂದರಿಂದ ಕರಣವೂ ಚೇಷ್ಟೆಯೂ ಬದಲಾಗುತ್ತವೆ, ದೈವವು ಆಗಲೂ ಅವನ ಕೈಯಲ್ಲಿಲ್ಲ. ಆದುದರಿಂದ ದೇಶವನ್ನೂ ಹಿಂದಿನ ಗೆಲವುಗಳನ್ನೂ ಕೇಳುವುದರ ಜೊತೆಗೆ, ಕೌರವರ ಪಾಳೆಯದಲ್ಲಿ ಕರ್ಣನು ದ್ರೋಣನ ಹೆಸರನ್ನು ಹೇಳುವಾಗ ಕೊಟ್ಟ ಕಾರಣವನ್ನೂ ನಾವು ಕೇಳಬೇಕು. ಸರಿಸಮಾನರಾದ ವೀರರಲ್ಲಿ ಒಬ್ಬನನ್ನು ಆರಿಸಿದರೆ ಉಳಿದವರ ಮನಸ್ಸು ಮುರಿದೀತು. ಎಲ್ಲರಿಗೂ ಗುರುವಾದವನನ್ನು ಆರಿಸಿದರೆ ಯಾರ ಮನಸ್ಸೂ ಮುರಿಯದೆಂಬ ಆ ವಿವೇಕವು, ಸೋತ ಪಕ್ಷದಲ್ಲಿ ಹುಟ್ಟಿತೆಂಬ ಕಾರಣಕ್ಕೆ ಸುಳ್ಳಾಗದು.

ವಾದವು ಮುಗಿದ ಮೇಲೆ ಅಭಿಮಾನಿಯು ಮಾಡಬೇಕಾದುದನ್ನು ಭೀಮನಿಂದ ಕಲಿಯಬೇಕು. ಅವನು ಶಿಖಂಡಿಗಾಗಿ ವಾದಿಸಿದ್ದನು, ಅವನ ಮಾತು ನಡೆಯಲಿಲ್ಲ; ಆದರೂ ಧೃಷ್ಟದ್ಯುಮ್ನನ ಧ್ವಜದ ಕೆಳಗೆ ಹದಿನೆಂಟು ದಿನವೂ ಕಾದಿದನು. ಹತ್ತನೆಯ ದಿನ ಭೀಷ್ಮನು ಬಿದ್ದುದು ಶಿಖಂಡಿಯನ್ನು ಮುಂದಿಟ್ಟುಕೊಂಡು ಅರ್ಜುನನು ಬಿಟ್ಟ ಬಾಣಗಳಿಂದ. ಪಟ್ಟ ತಪ್ಪಿದವನೂ ಆ ಗೆಲವಿನಲ್ಲಿ ಪಾಲುಗಾರನಾದನು.