ಕಥೆಯ ತರ್ಕ, ಕರ್ಮದ ತರ್ಕ

ಹಿಮ ಮುಚ್ಚಿದ ಕಾರಿನೊಳಗೆ ಒಬ್ಬ ಕೂತಿದ್ದಾನೆ. ಕಾರು ಅವನದಲ್ಲ, ಕದಿಯಲು ಹೊರಟಿದ್ದಾನೆ. ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೂ ಸ್ಟಾರ್ಟ್ ಆಗುವುದಿಲ್ಲ. ಅಷ್ಟರಲ್ಲಿ ಪೊಲೀಸ್ ಕಾರಿನ ದೀಪ ಹಿಮದ ಪದರದಾಚೆ ಹತ್ತಿರವಾಗುತ್ತದೆ. ತನ್ನನ್ನು ಮನೆ ಮುಟ್ಟಿಸಿದರೆ ಸಾಕು, ಮಿಕ್ಕಿದ್ದನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಆತ ಯಾರಲ್ಲೋ ಬೇಡಿಕೊಳ್ಳುತ್ತಾನೆ. ದೀಪ ದೂರ ಸರಿಯುತ್ತದೆ. ತಲೆಯ ಮೇಲಿನ ಸನ್‌ವೈಸರ್ ಕೆಳಗಿಳಿಸಿದರೆ ಕೀಲಿಕೈ ಸೀದಾ ಅಂಗೈಗೇ ಬೀಳುತ್ತದೆ.

ಅಮೆರಿಕದ ಎಎಂಸಿ ವಾಹಿನಿಯಲ್ಲಿ 2013ರ ಸೆಪ್ಟೆಂಬರ್ 29ರಂದು ಪ್ರಸಾರವಾದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ 62ನೆಯ ಹಾಗೂ ಕೊನೆಯ ಕಂತು ಶುರುವಾಗುವುದು ಹೀಗೆ. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯ ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರು ವಾಲ್ಟರ್ ವೈಟ್. ಐವತ್ತು ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಸಾಯುವುದರೊಳಗೆ ಹೆಂಡತಿ ಮಕ್ಕಳಿಗೆ ಒಂದಿಷ್ಟು ದುಡ್ಡು ಮಾಡಿಡಬೇಕೆಂದು ತನ್ನ ಹಳೆಯ ಶಿಷ್ಯ ಜೆಸ್ಸಿಯನ್ನು ಜೊತೆಗಿಟ್ಟುಕೊಂಡು ಮೆತ್ ಎಂಬ ಮಾದಕ ವಸ್ತು ತಯಾರಿಸಲು ಇಳಿಯುತ್ತಾನೆ, ಕೊಲೆಗಾರನಾಗುತ್ತಾನೆ. ಬ್ರಯಾನ್ ಕ್ರಾನ್‌ಸ್ಟನ್ ಆಡಿದ ಆ ಪಾತ್ರವನ್ನು ನೋಡಿದವರು ಅಂದಿನಿಂದಲೂ ಎರಡು ಪ್ರಶ್ನೆಗಳಿಗೆ ಜಗಳವಾಡುತ್ತಲೇ ಇದ್ದಾರೆ. ಈ ಮನುಷ್ಯ ಬದಲಾದನೋ, ಇಲ್ಲ ಮೊದಲಿನಿಂದಲೂ ಹೀಗೇ ಇದ್ದನೋ? ಕಥೆಯಲ್ಲಿ ನಡೆದದ್ದು ತರ್ಕಕ್ಕೆ ನಿಲ್ಲುತ್ತದೋ, ಇಲ್ಲ ಬರೆದವರು ತಮಗೆ ಬೇಕಾದಂತೆ ಎಳೆದರೋ?

ಕೀಲಿಕೈ ಬಿದ್ದ ಗಳಿಗೆ ಅನೇಕರಿಗೆ ನುಂಗಲಾರದ ತುತ್ತಾಯಿತು. ‘ದಿ ನ್ಯೂಯಾರ್ಕರ್’ ಪತ್ರಿಕೆಯ ವಿಮರ್ಶಕಿ ಎಮಿಲಿ ನಸ್‌ಬಾಮ್, ವಾಲ್ಟ್ ಆ ಕಾರಿನಲ್ಲೇ ಸತ್ತು, ಮುಂದಿನದೆಲ್ಲ ಅವನ ಕೊನೆಯುಸಿರಿನ ಕನಸಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂಬರ್ಥದಲ್ಲಿ ಬರೆದರು. ಹಾಸ್ಯನಟ ನಾರ್ಮ್ ಮೆಕ್‌ಡೊನಾಲ್ಡ್ ಅದು ಕನಸೇ ಎಂದು ವಾದಿಸಿದರು. ಅವರ ಆಕ್ಷೇಪದಲ್ಲಿ ಹುರುಳಿದೆ. ಅಲ್ಲಿಂದ ಮುಂದೆ ವಾಲ್ಟ್ ಮುಟ್ಟಿದ್ದೆಲ್ಲ ಕೈಗೂಡುತ್ತದೆ. ವೈರಿಗಳು ಸಾಯುತ್ತಾರೆ, ಮಗನಿಗೆ ದುಡ್ಡು ಸೇರುವ ವ್ಯವಸ್ಥೆಯಾಗುತ್ತದೆ, ಶಿಷ್ಯ ಸೆರೆಯಿಂದ ಬಿಡುಗಡೆಯಾಗುತ್ತಾನೆ. ಇಷ್ಟು ಪಾಪ ಹೊತ್ತವನ ಪ್ರಾರ್ಥನೆಗೆ ಓಗೊಟ್ಟವರು ಯಾರು?

ಇದನ್ನು ಚಿತ್ರಕಥೆಯ ಹೆಣಿಗೆಯ ಲೋಪವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಜನ ಇಷ್ಟು ಬಿಸಿಯಾಗಿ ವಾದಿಸುವುದು ಹೆಣಿಗೆಯ ಬಗ್ಗೆ ಮಾತ್ರ ಇರಲಾರದು. ಧಾರಾವಾಹಿಯಲ್ಲಿ ತೋರಿಸಿದಂತೆ ಆ್ಯಸಿಡ್ ಸುರಿದರೆ ಬಾತ್‌ಟಬ್ ಸಮೇತ ಹೆಣ ಕರಗಿ ತಾರಸಿ ಒಡೆದು ಬೀಳುತ್ತದೆಯೇ ಎಂಬ ಪ್ರಶ್ನೆಯೂ ಎದ್ದಿತ್ತು. 2013ರಲ್ಲೇ ‘ಮಿತ್‌ಬಸ್ಟರ್ಸ್’ ತಂಡ ಪ್ರಯೋಗ ಮಾಡಿ ಹಾಗಾಗುವುದಿಲ್ಲವೆಂದು ತೋರಿಸಿತು. ಅದನ್ನು ನೋಡಿ ಯಾರೂ ಧಾರಾವಾಹಿಯನ್ನು ಕೈಬಿಡಲಿಲ್ಲ. ರಸಾಯನಶಾಸ್ತ್ರದ ತಪ್ಪನ್ನು ನೋಡುಗರು ಕ್ಷಮಿಸುತ್ತಾರೆ. ಪಾಪದ ಲೆಕ್ಕದಲ್ಲಿ ತಪ್ಪಾದರೆ ಕ್ಷಮಿಸುವುದಿಲ್ಲ.

ಭಾರತೀಯ ದರ್ಶನಗಳಲ್ಲಿ ಈ ಲೆಕ್ಕದ ಬಗ್ಗೆ ಬಹು ಹಳೆಯ ಜಗಳವೊಂದಿದೆ. ಮಾಡಿದ ಕರ್ಮ ಆ ಕ್ಷಣಕ್ಕೇ ಮುಗಿದುಹೋಗುತ್ತದೆ, ಫಲ ಎಷ್ಟೋ ಕಾಲದ ಮೇಲೆ ಬರುತ್ತದೆ. ನಡುವೆ ಇವೆರಡನ್ನೂ ಕೂಡಿಸುವ ಕೊಂಡಿ ಯಾವುದು? ಮೀಮಾಂಸಕರು ಅದಕ್ಕೆ ಅಪೂರ್ವ ಎಂದರು: ಕರ್ಮದಿಂದಲೇ ಹುಟ್ಟಿ, ಕಣ್ಣಿಗೆ ಕಾಣದೆ ಉಳಿದು, ಕಾಲ ಬಂದಾಗ ತಾನಾಗಿ ಫಲ ಕೊಡುವ ಶಕ್ತಿ. ಅದಕ್ಕೆ ದೇವರ ಹಂಗಿಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಜೈಮಿನಿಯ ಈ ಮತವನ್ನು ಹೇಳಿ, ಬಳಿಕ ಬಾದರಾಯಣನ ಮತವನ್ನು ಮುಂದಿಡಲಾಗಿದೆ: ಫಲ ಕೊಡುವವನು ಈಶ್ವರ. ಜಡವಾದ ಕರ್ಮಕ್ಕೆ ಯಾರಿಗೆ, ಎಲ್ಲಿ, ಎಷ್ಟು ಎಂಬ ಅರಿವು ಹೇಗೆ ಬಂದೀತು ಎಂಬುದು ಶಂಕರರ ಮಾರ್ಗದವರ ಪ್ರಶ್ನೆ. ಜೈನರದು ಇನ್ನೊಂದು ದಾರಿ. ಅವರ ಪ್ರಕಾರ ಕರ್ಮ ಎಂಬುದೇ ಒಂದು ಸೂಕ್ಷ್ಮ ದ್ರವ್ಯ. ರಾಗದ್ವೇಷದ ಜಿಗುಟು ಇದ್ದಲ್ಲಿ ಅದು ಬಂದು ಜೀವಕ್ಕೆ ಅಂಟುತ್ತದೆ.

ಕೊಂಡಿ ಕಥೆಯೊಳಗಿಂದಲೇ ಬರಬೇಕೆನ್ನುವ ಅಭಿಮಾನಿ, ತನಗೆ ಗೊತ್ತಿಲ್ಲದೆಯೇ ಜೈಮಿನಿಯ ಪಕ್ಷದವನು. ಕಥೆಗಾರನ ಕೈ ಮೇಲಿನಿಂದ ಇಳಿದುಬಂದರೂ ಪರವಾಗಿಲ್ಲ, ನ್ಯಾಯ ಸಿಕ್ಕರೆ ಸಾಕು ಎನ್ನುವವನು ಬಾದರಾಯಣನ ಕಡೆಯವನು.

ಎರಡನೆಯ ಸೀಸನ್ನಿನ ಕೊನೆಯಲ್ಲಿ ಈ ಎರಡು ಪಕ್ಷ ನೇರವಾಗಿ ಎದುರಾಗುತ್ತವೆ. ಜೆಸ್ಸಿಯ ಪ್ರೇಯಸಿ ಜೇನ್ ವಾಲ್ಟ್‌ನ ಗುಟ್ಟು ತಿಳಿದು ಅವನನ್ನು ಬೆದರಿಸಿ ದುಡ್ಡು ಪಡೆದಿದ್ದಾಳೆ. ಆ ಸಂಜೆ ವಾಲ್ಟ್ ಒಂದು ಬಾರಿನಲ್ಲಿ ಅಪರಿಚಿತನೊಬ್ಬನ ಪಕ್ಕ ಕೂರುತ್ತಾನೆ. ಮಕ್ಕಳ ಮಾತು ಬರುತ್ತದೆ. ಮನೆಯವರು ಎಷ್ಟೇ ದಾರಿ ತಪ್ಪಿದರೂ ಕೈಬಿಡಬಾರದು ಎನ್ನುತ್ತಾನೆ ಆ ಅಪರಿಚಿತ. ಅವನೇ ಜೇನ್‌ಳ ತಂದೆ ಡೊನಾಲ್ಡ್. ಇಬ್ಬರಿಗೂ ಅದು ಗೊತ್ತಿಲ್ಲ. ಆ ಮಾತು ಕೇಳಿ ವಾಲ್ಟ್ ಮತ್ತೆ ಜೆಸ್ಸಿಯ ಮನೆಗೆ ಹೋಗುತ್ತಾನೆ. ಹೆರಾಯಿನ್ ಅಮಲಿನಲ್ಲಿ ಇಬ್ಬರೂ ಮಲಗಿದ್ದಾರೆ. ಎಬ್ಬಿಸಲೆಂದು ಜೆಸ್ಸಿಯನ್ನು ಅಲುಗಿಸಿದಾಗ, ಮಗ್ಗುಲಾಗಿದ್ದ ಜೇನ್ ಅಂಗಾತ ಹೊರಳುತ್ತಾಳೆ. ವಾಂತಿ ಗಂಟಲಿಗೆ ಸಿಕ್ಕುತ್ತದೆ. ವಾಲ್ಟ್ ಧಾವಿಸುತ್ತಾನೆ, ಕೈ ಚಾಚುತ್ತಾನೆ, ಮತ್ತೆ ನಿಲ್ಲುತ್ತಾನೆ. ಅವಳು ಸಾಯುವತನಕ ನಿಂತು ನೋಡುತ್ತಾನೆ. ಕಣ್ಣಲ್ಲಿ ನೀರಿದೆ.

ಕೆಲವು ವಾರಗಳ ಮೇಲೆ ಡೊನಾಲ್ಡ್ ಕೆಲಸಕ್ಕೆ ಮರಳುತ್ತಾನೆ. ಅವನು ಏರ್ ಟ್ರಾಫಿಕ್ ಕಂಟ್ರೋಲರ್. ಮಗಳ ದುಃಖದಲ್ಲಿ ಮಾತು ತಪ್ಪುತ್ತದೆ, ಎರಡು ವಿಮಾನಗಳು ಆಲ್ಬುಕರ್ಕಿಯ ಆಕಾಶದಲ್ಲಿ ಡಿಕ್ಕಿ ಹೊಡೆಯುತ್ತವೆ, 167 ಜನ ಸಾಯುತ್ತಾರೆ. ಸುಟ್ಟ ಗೊಂಬೆಯೊಂದು ವಾಲ್ಟ್‌ನ ಮನೆಯ ಈಜುಕೊಳಕ್ಕೇ ಬಂದು ಬೀಳುತ್ತದೆ.

ಇಂಥ ಕಾಕತಾಳೀಯ ಎಲ್ಲಾದರೂ ಉಂಟೇ ಎಂದು ಅಂದು ರೇಗಿದವರು ಬಹಳ. ಅರಿಸ್ಟಾಟಲ್ ಅವರಿಗೆ ಉತ್ತರವನ್ನು ಎಂದೋ ಕೊಟ್ಟಿದ್ದಾನೆ. ‘ಪೊಯೆಟಿಕ್ಸ್’ ಗ್ರಂಥದಲ್ಲಿ ಆತ ಆರ್ಗೊಸ್ ಊರಿನ ಘಟನೆಯೊಂದನ್ನು ನೆನೆಯುತ್ತಾನೆ: ಮಿಟಿಸ್ ಎಂಬವನ ಸಾವಿಗೆ ಕಾರಣನಾದವನು ಮಿಟಿಸ್‌ನ ಪ್ರತಿಮೆಯನ್ನು ನೋಡುತ್ತ ನಿಂತಿದ್ದಾಗ, ಆ ಪ್ರತಿಮೆಯೇ ಅವನ ಮೇಲುರುಳಿ ಕೊಂದಿತು. ಆಕಸ್ಮಿಕವೇ ಆದರೂ ಉದ್ದೇಶವಿದ್ದಂತೆ ತೋರುವ ಇಂಥವು ಒಳ್ಳೆಯ ಕಥೆಗೆ ಒದಗುತ್ತವೆ ಎಂಬುದು ಅವನ ಅಭಿಪ್ರಾಯ. ಧಾರಾವಾಹಿ ಇಟ್ಟ ಹೆಜ್ಜೆ ಇನ್ನೂ ಕ್ರೂರ. ಇಲ್ಲಿ ಪ್ರತಿಮೆ ಬಿದ್ದದ್ದು ಪಾಪಿಯ ಮೇಲಲ್ಲ, ಯಾವುದಕ್ಕೂ ಸಂಬಂಧವಿಲ್ಲದ 167 ಜನರ ಮೇಲೆ. ಪಾಪಿ ಏನು ಮಾಡಿದ? ಮೂರನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಶಾಲೆಯ ಸಭೆಯಲ್ಲಿ ಅಳುವ ಮಕ್ಕಳ ಮುಂದೆ ಮೈಕ್ ಹಿಡಿದು, ವಿಮಾನ ದುರಂತಗಳ ಪಟ್ಟಿಯಲ್ಲಿ ಇದೇನೂ ದೊಡ್ಡದಲ್ಲ, 1977ರಲ್ಲಿ ಟೆನೆರೀಫ್‌ನಲ್ಲಿ 583 ಜನ ಸತ್ತಿದ್ದರು ಎಂದು ಸಮಾಧಾನ ಹೇಳುತ್ತಾನೆ. ಡಿಕ್ಕಿಯನ್ನು ನಂಬದವರೂ ಈ ಭಾಷಣವನ್ನು ನಂಬಲೇಬೇಕು. ಕರ್ಮದ ಫಲ ಅಲ್ಲಿ ನಿಜವಾಗಿ ಕಾಣಿಸುತ್ತದೆ: ಸತ್ತವರ ಎಣಿಕೆಯಲ್ಲಿ ನೆಮ್ಮದಿ ಹುಡುಕುವಂಥವನಾಗಿದ್ದಾನೆ ಆ ಮೇಷ್ಟ್ರು.

ಧಾರಾವಾಹಿಯ ಸೃಷ್ಟಿಕರ್ತ ವಿನ್ಸ್ ಗಿಲಿಗನ್ 2011ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಕೊಟ್ಟ ಸಂದರ್ಶನದಲ್ಲಿ ತಮ್ಮೊಳಗಿನ ಈ ಹಂಬಲವನ್ನು ಮುಚ್ಚಿಡಲಿಲ್ಲ. ಕೆಟ್ಟವರಿಗೆ ಶಿಕ್ಷೆಯಾಗಲೆಂಬ ಮನುಷ್ಯರ ಆಸೆಯೇ ಧರ್ಮದ ಬೇರಿನಲ್ಲಿದೆಯೇನೋ ಎಂದರು. ಉಗಾಂಡದ ಇದಿ ಅಮೀನ್ ಸೌದಿ ಅರೇಬಿಯಾದಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿ ಬದುಕಿದ್ದು ತಮ್ಮನ್ನು ಕುಟುಕುತ್ತದೆ ಎಂದರು. ಸ್ವರ್ಗವನ್ನು ನಂಬಬೇಕೆಂಬ ಆಸೆಯಿದೆ, ಆದರೆ ನರಕವನ್ನು ನಂಬದಿರಲು ಆಗುತ್ತಲೇ ಇಲ್ಲ ಎಂಬ ತಮ್ಮ ಗೆಳತಿಯ ಮಾತು ತಮ್ಮದೂ ಹೌದು ಎಂದರು. ಅಮೀನ್ 2003ರಲ್ಲಿ ಜೆಡ್ಡಾದಲ್ಲಿ ಸತ್ತ. ಅವನ ಮೇಲೆ ಯಾವ ನ್ಯಾಯಾಲಯದಲ್ಲೂ ವಿಚಾರಣೆ ನಡೆಯಲಿಲ್ಲ. ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹೆಸರಿಟ್ಟಾಗ ಇದ್ದದ್ದೂ ಇದೇ ಆಸೆ. ಲೋಕದಲ್ಲಿ ಈಡೇರದ್ದನ್ನು ಓದುಗ ಕಥೆಯಲ್ಲಾದರೂ ಕೇಳುತ್ತಾನೆ.

ಇನ್ನು ಮೊದಲ ಪ್ರಶ್ನೆ. ವಾಲ್ಟ್ ಬದಲಾದನೇ?

ಮೊದಲಿಂದಲೂ ಹೀಗೇ ಇದ್ದ ಎನ್ನುವವರ ಕೈಯಲ್ಲಿ ಗಟ್ಟಿ ಸಾಕ್ಷಿಯಿದೆ. ಮೊದಲ ಸೀಸನ್ನಿನಲ್ಲೇ ಹಳೆಯ ಗೆಳೆಯ ಎಲಿಯಟ್ ಚಿಕಿತ್ಸೆಯ ಖರ್ಚೆಲ್ಲ ಕೊಡಲು ಮುಂದೆ ಬರುತ್ತಾನೆ. ಎಲಿಯಟ್ ಜೊತೆ ತಾನೇ ಕಟ್ಟಿದ್ದ ಕಂಪನಿಯ ಪಾಲನ್ನು ವಾಲ್ಟ್ ಹಿಂದೆ ಬರೀ 5,000 ಡಾಲರಿಗೆ ಮಾರಿಕೊಂಡು ಹೊರಬಂದಿದ್ದ. ಈಗ ಅದು ಕೋಟ್ಯಂತರ ಡಾಲರುಗಳ ಸಂಸ್ಥೆ. ನೆರವನ್ನು ಆತ ಒಲ್ಲೆ ಎನ್ನುತ್ತಾನೆ. ಸಂಸಾರಕ್ಕಾಗಿ ಎಂಬ ಕಾರಣ ಅಲ್ಲಿಗೇ ಬಿದ್ದುಹೋಯಿತು; ಉಳಿದದ್ದು ಅಹಂಕಾರ. ಕೊನೆಯ ಕಂತಿನಲ್ಲಿ ಹೆಂಡತಿ ಸ್ಕೈಲರ್ ಎದುರು ಅವನೇ ಅದನ್ನು ಒಪ್ಪಿಕೊಳ್ಳುತ್ತಾನೆ.

ಆದರೆ ಅಹಂಕಾರವಿದ್ದವರೆಲ್ಲ ಕೊಲೆ ಮಾಡುವುದಿಲ್ಲ. ಮೂರನೆಯ ಕಂತನ್ನು ನಿಧಾನವಾಗಿ ನೋಡಬೇಕು. ಕ್ರೇಜಿ-8 ಎಂಬ ದಂಧೆಯವನನ್ನು ನೆಲಮಾಳಿಗೆಯ ಕಂಬಕ್ಕೆ, ಕುತ್ತಿಗೆಗೆ ಬೈಕಿನ ಬೀಗ ಹಾಕಿ ಕಟ್ಟಲಾಗಿದೆ. ಕೊಲ್ಲಬೇಕೋ ಬೇಡವೋ ಎಂದು ವಾಲ್ಟ್ ಹಳದಿ ಹಾಳೆಯ ಮೇಲೆ ಎರಡು ಕಾಲಂ ಎಳೆದು ಪಟ್ಟಿ ಮಾಡುತ್ತಾನೆ. ಸೆರೆಯವನಿಗೆ ಬ್ರೆಡ್ಡಿನ ಅಂಚು ಕತ್ತರಿಸಿ ಸ್ಯಾಂಡ್‌ವಿಚ್ ಒಯ್ಯುತ್ತಾನೆ. ಕೆಮ್ಮು ಬಂದು ಕುಸಿದಾಗ ತಟ್ಟೆ ಒಡೆಯುತ್ತದೆ. ಇಬ್ಬರೂ ಬಿಯರ್ ಕುಡಿಯುತ್ತ ಮಾತಾಡುತ್ತಾರೆ, ಸಲಿಗೆ ಬೆಳೆಯುತ್ತದೆ, ಬಿಟ್ಟುಬಿಡೋಣವೆಂದು ಕೀಲಿಕೈ ತರಲು ಮೇಲೆ ಬರುತ್ತಾನೆ. ಅಲ್ಲೇನೋ ಹೊಳೆದು, ಕಸದ ಡಬ್ಬಿಯಿಂದ ತಟ್ಟೆಯ ಚೂರುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸುತ್ತಾನೆ. ಒಂದು ಚೂರು ಇಲ್ಲ. ಕತ್ತಿಯಂತೆ ಚೂಪಾಗಿರಬೇಕಾದ ಚೂರು. ಕೆಳಗಿಳಿದು, ಕ್ಷಮೆ ಕೇಳುತ್ತಲೇ ಆ ಬೀಗವನ್ನು ಎಳೆದು ಅವನನ್ನು ಕೊಲ್ಲುತ್ತಾನೆ.

ಅದೇ ಕಂತಿನಲ್ಲಿ ಹಳೆಯ ನೆನಪೊಂದು ಬರುತ್ತದೆ. ಯುವಕ ವಾಲ್ಟ್ ಗೆಳತಿ ಗ್ರೆಚನ್ ಜೊತೆ ಮನುಷ್ಯದೇಹದಲ್ಲಿರುವ ಮೂಲವಸ್ತುಗಳನ್ನು ಕೂಡಿಸುತ್ತಿದ್ದಾನೆ. ಮೊತ್ತ ನೂರಕ್ಕೆ ಸುಮಾರು 0.11ರಷ್ಟು ಕಡಿಮೆ ಬರುತ್ತದೆ. ಅದು ಆತ್ಮವಿರಬಹುದೇ ಎಂದು ಆಕೆ ಕೇಳಿದರೆ, ಇಲ್ಲಿ ಇರುವುದು ಕೆಮಿಸ್ಟ್ರಿ ಮಾತ್ರ ಎನ್ನುತ್ತಾನೆ. ತಟ್ಟೆಯ ಕಾಣದ ಚೂರು ಮತ್ತು ದೇಹದ ಕಾಣದ ಭಾಗ ಒಂದೇ ಕಂತಿನಲ್ಲಿ ಬಂದಿರುವುದು ಬರವಣಿಗೆಯ ಹಿರಿಮೆ. ಈ ಮಟ್ಟದ ಹೆಣಿಗೆಯ ಮುಂದೆ ಕೊನೆಯ ಕಂತಿನ ಕೀಲಿಕೈ ಬಡವಾಗಿ ಕಾಣುತ್ತದೆ.

ಕ್ರೇಜಿ-8ನನ್ನು ಕೊಲ್ಲಲು ವಾಲ್ಟ್‌ಗೆ ಪಟ್ಟಿ ಬೇಕಿತ್ತು. ಜೇನ್ ಸಾಯುವಾಗ ಪಟ್ಟಿಯಿಲ್ಲ, ಕಣ್ಣೀರಿದೆ. ಆಮೇಲೆ ಅದೂ ಬೇಕಾಗುವುದಿಲ್ಲ. ಬ್ರಾಕ್ ಎಂಬ ಪುಟ್ಟ ಹುಡುಗನಿಗೆ ವಿಷ ಹಾಕಿಸಿ ತನ್ನ ಗೆಲುವನ್ನು ಹೆಂಡತಿಗೆ ಫೋನಿನಲ್ಲಿ ತಿಳಿಸುತ್ತಾನೆ. ಯೋಗಶಾಸ್ತ್ರ ಸಂಸ್ಕಾರ ಎಂದು ಕರೆಯುವುದು ಇದನ್ನೇ. ಪ್ರತಿಯೊಂದು ಕ್ರಿಯೆ ಮನಸ್ಸಿನಲ್ಲಿ ಗೆರೆ ಎಳೆಯುತ್ತದೆ, ಮುಂದಿನ ಕ್ರಿಯೆ ಆ ಗೆರೆಯ ಮೇಲೇ ಸುಲಭವಾಗಿ ಹರಿಯುತ್ತದೆ. ಹುಟ್ಟಿನಿಂದ ಬಂದ ಅಹಂಕಾರ ಬೀಜವಾಗಿದ್ದೀತು, ನಿಜ. ನೀರೆರೆದದ್ದು ಅವನೇ ಕೈಯಾರೆ ಆರಿಸಿಕೊಂಡ ಒಂದೊಂದು ಗಳಿಗೆ. ಆದ್ದರಿಂದ ಬದಲಾದ ಎನ್ನುವವರ ಪಕ್ಷವೇ ಸರಿ.

ಜೇನ್‌ಳ ಸಾವಿನಲ್ಲಿ ಅವನು ಏನೂ ಮಾಡಲಿಲ್ಲವಲ್ಲ ಎನ್ನುವವರು ಇಂದಿಗೂ ಇದ್ದಾರೆ. ತತ್ತ್ವಶಾಸ್ತ್ರಜ್ಞ ಜೇಮ್ಸ್ ರೇಚೆಲ್ಸ್ 1975ರ ಪ್ರಬಂಧವೊಂದರಲ್ಲಿ ಇಂಥದೇ ಪ್ರಸಂಗ ಕಟ್ಟಿದ್ದರು. ಆಸ್ತಿಗಾಗಿ ಒಬ್ಬ ಬಾಲಕನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಇನ್ನೊಬ್ಬ ಮುಳುಗಿಸಲೆಂದೇ ಹೋದಾಗ ಬಾಲಕ ತಾನೇ ಜಾರಿ ಬಿದ್ದು ಮುಳುಗುತ್ತಾನೆ, ಈತ ನಿಂತು ನೋಡುತ್ತಾನೆ. ಇಬ್ಬರ ನಡುವೆ ನೀತಿಯ ದೃಷ್ಟಿಯಿಂದ ಏನು ವ್ಯತ್ಯಾಸ ಎಂದು ರೇಚೆಲ್ಸ್ ಕೇಳಿದರು. ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ತಾಯಿಯ ಜೊತೆಗೂಡಿ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಜೀವಹಿಂಸೆಯೇ ಆಗಿಲ್ಲ ಎಂದು ವಾದಿಸಬಹುದು. ಸಂಕಲ್ಪವೇ ಹಿಂಸೆ ಎನ್ನುತ್ತದೆ ಆ ಕಾವ್ಯ; ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನವೆಯುತ್ತಾರೆ. ಚೆಲುವ ರಾಜನನ್ನು ಬಿಟ್ಟು ಕುರೂಪಿ ಮಾವುತನಿಗೆ ಒಲಿದ ಅವನ ರಾಣಿ ಅಮೃತಮತಿಯ ಮನಸ್ಸು ಎಂಥದು ಎಂದು ಕನ್ನಡದ ಓದುಗರು ಈಗಲೂ ಚರ್ಚಿಸುತ್ತಾರೆ. ಗಿರೀಶ್ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಹುಟ್ಟಿದ್ದು ಆ ಕಥೆಯಿಂದಲೇ. ಜನ್ನನ ತಕ್ಕಡಿಯಲ್ಲಿ ತೂಗಿದರೆ ವಾಲ್ಟ್‌ಗೆ ಬಿಡುಗಡೆಯಿಲ್ಲ. ಚಾಚಿದ ಕೈಯನ್ನು ಹಿಂದೆಗೆದುಕೊಂಡ ಆ ಕ್ಷಣದಲ್ಲೇ ಕೊಲೆ ನಡೆದಿದೆ.

ಹಾಗಿದ್ದೂ ನೋಡುಗರಲ್ಲಿ ಬಹಳ ಜನ ದ್ವೇಷಿಸಿದ್ದು ಸ್ಕೈಲರ್‌ಳನ್ನು. ಆ ಪಾತ್ರ ವಹಿಸಿದ ಅನ್ನಾ ಗನ್ 2013ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಈ ಬಗ್ಗೆ ಲೇಖನವನ್ನೇ ಬರೆಯಬೇಕಾಯಿತು. ಗಂಡನ ಅಧರ್ಮಕ್ಕೆ ಅಡ್ಡ ನಿಂತವಳು ವೈರಿಯಾಗಿ ಕಂಡಳೆಂದರೆ, ಗೆರೆ ಬಿದ್ದದ್ದು ವಾಲ್ಟ್‌ನ ಮನಸ್ಸಿನಲ್ಲಿ ಮಾತ್ರವಲ್ಲ.

ಜೆಸ್ಸಿಯದು ಬೇರೆ ಹಾದಿ. ಗೇಲ್ ಎಂಬ ನಿರಪರಾಧಿಯಂಥವನನ್ನು ಗುಂಡಿಕ್ಕಿ ಕೊಂದ ಮೇಲೆ ಅವನು ವ್ಯಸನಮುಕ್ತಿಯ ಗುಂಪಿನಲ್ಲಿ, ನಾಯಿಯೊಂದನ್ನು ಕೊಂದೆ ಎಂದು ಮರೆಮಾಚಿ ಹೇಳಿಕೊಳ್ಳುತ್ತಾನೆ. ತನ್ನನ್ನು ತಾನು ಒಪ್ಪಿಕೋ ಎಂಬ ಉಪದೇಶ ಕೇಳಿ ಸಿಡಿಯುತ್ತಾನೆ: ಏನು ಮಾಡಿದರೂ ಒಪ್ಪಿಕೊಂಡುಬಿಟ್ಟರೆ, ಮಾಡಿದ್ದಕ್ಕೆ ಅರ್ಥವೇನು? ಅವನಿಗೆ ತೀರ್ಪು ಬೇಕು. ಪಾಲಿ ಮಜ್ಝಿಮ ನಿಕಾಯದ ಅಂಗುಲಿಮಾಲ ಇಲ್ಲಿ ನೆನಪಾಗಲೇಬೇಕು. ಕೊಲೆಗಡುಕ ಭಿಕ್ಷುವಾದ, ಅರ್ಹಂತನೂ ಆದ. ಆದರೂ ಭಿಕ್ಷೆಗೆ ಹೋದಲ್ಲಿ ಕಲ್ಲೇಟು ತಿಂದು, ತಲೆಯೊಡೆದು, ರಕ್ತ ಸುರಿಸುತ್ತ ಬಂದ. ಸಹಿಸಿಕೋ, ಇದು ಆ ಕರ್ಮದ ಫಲ ಎಂದ ಬುದ್ಧ. ಮನುಷ್ಯ ಪೂರ್ತಿ ಬದಲಾಗಬಲ್ಲ, ಮಾಡಿದ್ದು ಮಾತ್ರ ಅಳಿಸಿಹೋಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದಿರುವ ಕಾರಣಕ್ಕೆ ಜೆಸ್ಸಿಯ ಕಥೆ ವಾಲ್ಟ್‌ನದಕ್ಕಿಂತ ದೊಡ್ಡದು.

ಕೊನೆಯ ಕಂತಿನ ದೋಷವೂ ಇಲ್ಲೇ ಇದೆ. ತನ್ನದೇ ಮೆಷಿನ್ ಗನ್ನಿನ ಗುಂಡು ತಗುಲಿ, ಲ್ಯಾಬಿನ ಉಪಕರಣಗಳ ನಡುವೆ ತೃಪ್ತನಾಗಿ ಸಾಯಲು ವಾಲ್ಟ್‌ಗೆ ಅವಕಾಶ ಸಿಗುತ್ತದೆ. ಸಾಯುವ ಮುನ್ನ ಅವನು ಸ್ಕೈಲರ್ ಕೈಗೆ ಒಂದು ಚೀಟಿ ಕೊಡುತ್ತಾನೆ. ಮರುಭೂಮಿಯಲ್ಲಿ ಅವಳ ತಂಗಿಯ ಗಂಡ ಹ್ಯಾಂಕ್ ಮತ್ತು ಅವನ ಸಹೋದ್ಯೋಗಿಯ ಹೆಣಗಳನ್ನು ಹೂತ ಜಾಗ ಅದರಿಂದ ಗೊತ್ತಾಗುತ್ತದೆ. ಅಷ್ಟರಮಟ್ಟಿಗೆ ಅದೊಂದು ಪ್ರಾಯಶ್ಚಿತ್ತ. ಆದರೆ ಐದನೆಯ ಸೀಸನ್ನಿನ ರೈಲು ದರೋಡೆಯನ್ನು ಅಕಸ್ಮಾತ್ತಾಗಿ ಕಂಡು, ಕೈಬೀಸಿದ್ದಕ್ಕೆ ಗುಂಡೇಟು ತಿಂದ ಡ್ರೂ ಶಾರ್ಪ್ ಎಂಬ ಹುಡುಗನೂ ಇದ್ದಾನೆ. ಅವನ ಬೈಕನ್ನು ಬಿಚ್ಚಿ, ಅವನ ದೇಹದೊಂದಿಗೆ ಆ್ಯಸಿಡ್‌ನಲ್ಲಿ ಕರಗಿಸಲಾಯಿತು. ಗುಂಡು ಹಾರಿಸಿದ ಟಾಡ್ ಕೊನೆಯಲ್ಲಿ ಜೆಸ್ಸಿಯ ಕೈಯಲ್ಲಿ ಸಾಯುತ್ತಾನೆ, ಡ್ರೂನ ಹೆಸರೆತ್ತಿ ಯಾರೂ ಅವನನ್ನು ಕೊಲ್ಲುವುದಿಲ್ಲ. ವಾಲ್ಟ್ ಕೊಟ್ಟ ಚೀಟಿಯಲ್ಲಿ ಡ್ರೂ ಶಾರ್ಪ್‌ನ ತಂದೆ ತಾಯಿಗೆ ಒಂದು ಸಾಲೂ ಇಲ್ಲ.