ನಿಯಮ ಮತ್ತು ಶ್ರದ್ಧೆ

ಒಂದು ನಿಯಮವನ್ನು ತಿಳಿಯುವುದೆಂದರೆ ಅದರ ವಾಕ್ಯದ ಅರ್ಥವನ್ನು ತಿಳಿಯುವುದೇ, ಅಥವಾ ಅದಕ್ಕಿಂತ ಬೇರೆಯಾದ ಸಾಮರ್ಥ್ಯವೊಂದನ್ನು ಪಡೆಯುವುದೇ ಎಂಬ ಪ್ರಶ್ನೆ ವ್ಯಾಕರಣ, ಧರ್ಮಶಾಸ್ತ್ರ, ತತ್ತ್ವಶಾಸ್ತ್ರ ಮೂರರಲ್ಲೂ ಹಳೆಯದು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಪೂರ್ತಿ ತಿಳಿದ ಮೇಲೆ ಒಪ್ಪಿಕೊಳ್ಳಬೇಕೋ, ಅಥವಾ ಒಪ್ಪಿ ನಡೆದವನಿಗೆ ಮಾತ್ರ ತಿಳಿವು ದಕ್ಕುವುದೋ? ಈ ಎರಡನೆಯ ಪ್ರಶ್ನೆಯನ್ನು ಧಾರ್ಮಿಕ ಸಂದರ್ಭದಲ್ಲಿ ಎತ್ತಿದಾಗ ಸ್ವರ್ಗದ ಆಸೆ, ಪಾಪದ ಭಯ, ಕುಲದ ಅಭಿಮಾನ ಇವೆಲ್ಲ ಸೇರಿಕೊಂಡು ವಿಚಾರವನ್ನು ಕಲಕಿಬಿಡುತ್ತವೆ. ಫಲದ ಆಸೆಯೂ ದಂಡದ ಭಯವೂ ಇಲ್ಲದೆ ಮನುಷ್ಯರು ತಾವಾಗಿಯೇ ಕಠಿಣವಾದ ನಿಯಮಗಳಿಗೆ ಒಳಪಡುವ ಕ್ಷೇತ್ರವೊಂದು ಸಿಕ್ಕಿದರೆ ಅಲ್ಲಿ ಪ್ರಶ್ನೆಯನ್ನು ಹೆಚ್ಚು ಸ್ಪಷ್ಟವಾಗಿ ನೋಡಬಹುದು. ಹಲಗೆಯ ಮೇಲೆ ಆಡುವ ಸಂಕೀರ್ಣ ಯುದ್ಧದಾಟಗಳ ಕಲಿಕೆ ಅಂಥದೊಂದು ಕ್ಷೇತ್ರ.

ಅಮೆರಿಕದ ಬಾಲ್ಟಿಮೋರಿನ ಅವಲಾನ್ ಹಿಲ್ ಸಂಸ್ಥೆ 1985ರಲ್ಲಿ ಪ್ರಕಟಿಸಿದ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಈ ಬಗೆಯ ಆಟಗಳಲ್ಲಿ ಅತ್ಯಂತ ಜಟಿಲವಾದವುಗಳ ಸಾಲಿಗೆ ಸೇರುತ್ತದೆ. ಎರಡನೆಯ ಮಹಾಯುದ್ಧದ ಸಣ್ಣ ಸಣ್ಣ ಕಾಳಗಗಳು ಅದರ ವಸ್ತು. ನಕ್ಷೆಯನ್ನು ಆರು ಮೂಲೆಗಳ ಮನೆಗಳಾಗಿ ವಿಂಗಡಿಸಲಾಗಿದೆ. ಒಂದು ಮನೆ ಸುಮಾರು 40 ಮೀಟರ್ ನೆಲವನ್ನೂ ಒಂದು ಸುತ್ತು ಸುಮಾರು 2 ನಿಮಿಷಗಳ ಕಾಲವನ್ನೂ ಪ್ರತಿನಿಧಿಸುತ್ತವೆ. ರಟ್ಟಿನ ಚಿಕ್ಕ ಚೌಕಗಳೇ ಸೈನಿಕರ ತುಕಡಿಗಳು, ಬಂದೂಕುಗಳು, ಟ್ಯಾಂಕುಗಳು. ಪ್ರತಿಯೊಬ್ಬ ಆಟಗಾರನ ಸರದಿ ಎಂಟು ಹಂತಗಳಲ್ಲಿ ಸಾಗುತ್ತದೆ. ನಿಯಮಗಳು ಹಾಳೆಗಳನ್ನು ತೆಗೆದು ಸೇರಿಸಬಹುದಾದ ದಪ್ಪ ಕಡತದ ರೂಪದಲ್ಲಿದ್ದು, ಒಂದೊಂದು ಅಧ್ಯಾಯಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರವೂ ಪ್ರತಿ ವಿಧಿಗೆ ದಶಮಾಂಶದ ಸಂಖ್ಯೆಯೂ ಇವೆ. ಒಂದು ವಿಧಿ ಇನ್ನೊಂದನ್ನು, ಅದು ಮತ್ತೊಂದನ್ನು ಸೂಚಿಸುತ್ತ ಹೋಗುವುದರಿಂದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದವನಿಗೂ ಆಟ ಆಡಲು ಬರುವುದಿಲ್ಲ.

ತುಕಡಿಯೊಂದು ಬೀದಿಯನ್ನು ದಾಟುವ ಸರಳ ಪ್ರಸಂಗವನ್ನೇ ಗಮನಿಸಬಹುದು. ಸಾಮಾನ್ಯ ತುಕಡಿಗೆ ಒಂದು ಚಲನೆಯ ಹಂತದಲ್ಲಿ ನಾಲ್ಕು ಚಲನಾಂಕಗಳು ದೊರೆಯುತ್ತವೆ; ಬಯಲಿನ ಮನೆಗೆ ಒಂದು, ಕಟ್ಟಡದ ಮನೆಗೆ ಎರಡು ಅಂಕಗಳು ಖರ್ಚಾಗುತ್ತವೆ. ಇಷ್ಟಾದರೆ ಕಲಿಯುವುದು ಸುಲಭ. ಆದರೆ ತುಕಡಿ ಬೀದಿಗೆ ಕಾಲಿಟ್ಟ ಕೂಡಲೇ, ಎದುರಾಳಿಯ ಸರದಿ ಇನ್ನೂ ಬಂದಿರದಿದ್ದರೂ, ಅವನು ಗುಂಡು ಹಾರಿಸಬಹುದು. ಎರಡು ದಾಳಗಳನ್ನು ಉರುಳಿಸಿ ಬಂದ ಮೊತ್ತ ಕಡಿಮೆಯಾದಷ್ಟೂ ಅವನಿಗೆ ಲಾಭ. ಓಡುತ್ತಿರುವ ತುಕಡಿ ಬಯಲಿನಲ್ಲಿದ್ದರೆ ಮೊತ್ತದಿಂದ ಒಂದು, ಎಚ್ಚರಿಕೆಯಿಂದ ಹೆಜ್ಜೆಯಿಡದೆ ನುಗ್ಗುತ್ತಿದ್ದರೆ ಇನ್ನೊಂದು ಕಳೆಯಬೇಕು. ಅದು ಕಲ್ಲಿನ ಕಟ್ಟಡವನ್ನು ಸೇರಿಕೊಂಡಿದ್ದರೆ ಮೂರನ್ನು ಕೂಡಿಸಬೇಕು. ಒಮ್ಮೆ ಗುಂಡು ಹಾರಿಸಿದವರು ಅದೇ ಹಂತದಲ್ಲಿ ಮತ್ತೊಮ್ಮೆ, ಕೆಲವು ಷರತ್ತುಗಳಿಗೆ ಒಳಪಟ್ಟು, ಅರ್ಧ ಬಲದಿಂದ ಹಾರಿಸಬಹುದು. ಅದೂ ಮುಗಿದ ಮೇಲೆ ಶತ್ರು ಪಕ್ಕದ ಮನೆಗೇ ಬಂದನೆಂದರೆ ಕೊನೆಯ ಆತ್ಮರಕ್ಷಣೆಗಾಗಿ ಮತ್ತೆ ಹಾರಿಸಬಹುದಾದರೂ, ಆ ದಾಳದ ಮೊತ್ತವೇ ಹಾರಿಸಿದವರ ಸ್ಥೈರ್ಯದ ಪರೀಕ್ಷೆಯೂ ಆಗಿಬಿಡುತ್ತದೆ. ಸ್ಥೈರ್ಯವೆಂದರೆ ಇಲ್ಲಿ ಕಾಯಿಯ ಮೇಲೆ ಅಚ್ಚಾಗಿರುವ ಒಂದು ಅಂಕಿ. ದಾಳದ ಮೊತ್ತ ಅದನ್ನು ಮೀರಿದರೆ ತುಕಡಿ ಧೃತಿಗೆಟ್ಟು ಕಾಯಿ ಮಗುಚಿಬೀಳುತ್ತದೆ. ಪ್ರತಿ ವಾಕ್ಯವೂ ಸ್ಪಷ್ಟವೇ. ಆದರೂ ಹೊಸಬನ ತಲೆ ತಿರುಗುವುದು ಯಾವ ಕ್ಷಣದಲ್ಲಿ ಯಾವ ವಾಕ್ಯ ಅನ್ವಯಿಸುತ್ತದೆಂಬುದರಲ್ಲಿ. ಆ ಅನ್ವಯವನ್ನು ಹೇಳಿಕೊಡಲು ಇನ್ನೊಂದು ವಾಕ್ಯವನ್ನು ಬರೆದರೆ ಅದಕ್ಕೂ ಅನ್ವಯದ ಪ್ರಶ್ನೆ ಅಂಟಿಕೊಳ್ಳುತ್ತದೆ.

ಈ ತೊಡಕನ್ನು ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ತೀಕ್ಷ್ಣವಾಗಿ ಮುಂದಿಟ್ಟವನು ಲುಡ್ವಿಗ್ ವಿಟ್‌ಗೆನ್‌ಸ್ಟೈನ್. ಅವನ ಮರಣಾನಂತರ 1953ರಲ್ಲಿ ಪ್ರಕಟವಾದ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’ ಗ್ರಂಥದಲ್ಲಿ ಒಬ್ಬ ವಿದ್ಯಾರ್ಥಿ ಬರುತ್ತಾನೆ. ಎರಡೆರಡನ್ನೇ ಕೂಡಿಸುತ್ತ ಹೋಗೆಂದಾಗ ಅವನು 1000ದವರೆಗೆ ಸರಿಯಾಗಿ ಬರೆದು, ಮುಂದೆ 1004, 1008 ಎಂದು ಬರೆಯುತ್ತಾನೆ, ಮತ್ತು ತಾನು ಮೊದಲಿನಂತೆಯೇ ಮಾಡುತ್ತಿದ್ದೇನೆಂದು ನಂಬಿರುತ್ತಾನೆ. ಯಾವ ನಡೆಯನ್ನಾದರೂ ಯಾವುದೋ ವ್ಯಾಖ್ಯಾನದ ಮೂಲಕ ನಿಯಮಕ್ಕೆ ಹೊಂದಿಸಬಹುದಾದರೆ ನಿಯಮ ಏನನ್ನೂ ನಿರ್ಧರಿಸದಂತಾಗುತ್ತದೆ ಎಂಬುದು ಅಲ್ಲಿನ ಇಕ್ಕಟ್ಟು. ವಿಟ್‌ಗೆನ್‌ಸ್ಟೈನನ ದೃಷ್ಟಿಯಲ್ಲಿ ಇಂಥ ಇಕ್ಕಟ್ಟು ಹುಟ್ಟುವುದೇ ನಿಯಮಪಾಲನೆಯನ್ನು ವ್ಯಾಖ್ಯಾನವೆಂದು ಭಾವಿಸುವುದರಿಂದ. ವ್ಯಾಖ್ಯಾನವಿಲ್ಲದೆಯೇ ನಿಯಮವನ್ನು ಹಿಡಿಯುವ ಬಗೆಯೊಂದಿದೆ, ಅದು ರೂಢಿಯಲ್ಲಿ, ಹಲವರು ಕೂಡಿ ನಡೆಸುವ ಆಚರಣೆಯಲ್ಲಿ ನೆಲೆಸಿದೆ. ಅವನ ‘ಆನ್ ಸರ್ಟೆನ್ಟಿ’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಮಗು ದೊಡ್ಡವರನ್ನು ನಂಬಿ ಕಲಿಯುತ್ತದೆ, ಸಂಶಯ ನಂಬಿಕೆಯ ಅನಂತರದ್ದು.

ಯುದ್ಧದಾಟದ ಇತಿಹಾಸದಲ್ಲೇ ಈ ಸಮಸ್ಯೆ ಒಮ್ಮೆ ಪ್ರತ್ಯಕ್ಷವಾಗಿ ಎದುರಾಗಿತ್ತು. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್, ತನ್ನ ತಂದೆ 1812ರಲ್ಲಿ ಅರಸನಿಗೆ ತೋರಿಸಿದ್ದ ಆಟವನ್ನು ಬೆಳೆಸಿ, 1824ರಲ್ಲಿ 1:8000 ಪ್ರಮಾಣದ ನಕ್ಷೆಯ ಮೇಲೆ ಆಡುವ ಕ್ರೀಗ್ಸ್‌ಶ್ಪೀಲ್, ಅಂದರೆ ಸೈನ್ಯಾಧಿಕಾರಿಗಳ ತರಬೇತಿಗಾಗಿ ರೂಪಿಸಿದ ಯುದ್ಧಕ್ರೀಡೆಯನ್ನು ಮುಂದಿಟ್ಟ. ಆಟಗಾರರು ಲಿಖಿತ ಆಜ್ಞೆಗಳನ್ನು ತೀರ್ಪುಗಾರನಿಗೆ ಕೊಡುತ್ತಿದ್ದರು. ಅವನು ದಾಳ ಮತ್ತು ಕೋಷ್ಟಕಗಳ ನೆರವಿನಿಂದ ಫಲಿತಾಂಶವನ್ನು ತಿಳಿಸುತ್ತಿದ್ದ. ಕೋಷ್ಟಕಗಳು ಹೊರೆಯೆನಿಸಿದಾಗ 1876ರಲ್ಲಿ ವೆರ್ಡಿ ದು ವೆರ್ನುವಾ ಅವುಗಳನ್ನು ಬದಿಗಿರಿಸಿ ಎಲ್ಲವನ್ನೂ ಅನುಭವಿ ತೀರ್ಪುಗಾರನ ವಿವೇಕಕ್ಕೆ ಒಪ್ಪಿಸಿದ. ಅಲ್ಲಿಗೆ ನಿಯಮದ ಭಾರ ಕಡಿಮೆಯಾಯಿತೆಂಬುದು ನಿಜವಾದರೂ ನಿಯಮ ಪುಸ್ತಕದಿಂದ ಒಬ್ಬ ವ್ಯಕ್ತಿಗೆ ವರ್ಗವಾಯಿತೆನ್ನುವುದು ಹೆಚ್ಚು ಸರಿ. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ 1954ರ ‘ಟ್ಯಾಕ್ಟಿಕ್ಸ್’ ಮೂಲಕ ಯುದ್ಧದಾಟವನ್ನು ಅಂಗಡಿಗೆ ತಂದಾಗ ತೀರ್ಪುಗಾರ ಉಳಿದಿರಲಿಲ್ಲ. ಮೇಜಿನ ಆಚೆ ಈಚೆ ಇಬ್ಬರು, ನಡುವೆ ಒಂದು ಪಠ್ಯ. ವಿವೇಕಿಯಾದ ವ್ಯಕ್ತಿ ಮಾಡುತ್ತಿದ್ದ ಕೆಲಸವನ್ನೆಲ್ಲ ಪಠ್ಯವೇ ಮಾಡಬೇಕಾಗಿ ಬಂದದ್ದರಿಂದ ಮುಂದಿನ ಮೂರು ದಶಕಗಳಲ್ಲಿ ನಿಯಮಪುಸ್ತಕಗಳು ಊದಿಕೊಂಡವು.

ಕೇಳಲು ಕರ್ತೃವಿಲ್ಲ, ಪಠ್ಯವೊಂದೇ ಪ್ರಮಾಣ ಎಂಬ ಸ್ಥಿತಿಯನ್ನು ಅತ್ಯಂತ ಗಂಭೀರವಾಗಿ ಚಿಂತಿಸಿದ ಭಾರತೀಯ ದರ್ಶನ ಪೂರ್ವಮೀಮಾಂಸೆ. ಜೈಮಿನಿಯ ಸೂತ್ರಗಳು ಮತ್ತು ಅವುಗಳ ಮೇಲಿನ ಶಬರಭಾಷ್ಯದ ಪ್ರಕಾರ ವೇದ ಅಪೌರುಷೇಯ, ಎಂದರೆ ಯಾವ ಪುರುಷನಿಂದಲೂ ರಚಿತವಾಗದ್ದು. ಆದ್ದರಿಂದ ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ದಾರಿ ಮೊದಲೇ ಮುಚ್ಚಿದೆ. ಎರಡು ಸೂಚನೆಗಳು ಡಿಕ್ಕಿ ಹೊಡೆದಾಗ ಮೀಮಾಂಸಕರು ಆರು ಪ್ರಮಾಣಗಳನ್ನು ಕ್ರಮವಾಗಿ ಬಳಸುತ್ತಾರೆ: ನೇರವಾಗಿ ಹೇಳುವ ಶ್ರುತಿ, ಪದದ ಶಕ್ತಿಯಾದ ಲಿಂಗ, ಪದಗಳ ಕೂಟವಾದ ವಾಕ್ಯ, ಸಂದರ್ಭವಾದ ಪ್ರಕರಣ, ಪಾಠದಲ್ಲಿನ ಜಾಗವಾದ ಸ್ಥಾನ, ಹೆಸರಿನ ವ್ಯುತ್ಪತ್ತಿಯಾದ ಸಮಾಖ್ಯೆ. ಇವುಗಳಲ್ಲಿ ಮುಂದಿನದು ಹಿಂದಿನದಕ್ಕಿಂತ ದುರ್ಬಲ, ಏಕೆಂದರೆ ಅದು ಅರ್ಥದಿಂದ ಅಷ್ಟಷ್ಟು ದೂರ. ಸಾಮಾನ್ಯ ವಿಧಿಯಾದ ಉತ್ಸರ್ಗವನ್ನು ವಿಶೇಷ ವಿಧಿಯಾದ ಅಪವಾದ ಬಾಧಿಸುತ್ತದೆ. ಎರಡೂ ಸಮಬಲವಾಗಿದ್ದು ಬೇರೆ ದಾರಿಯೇ ಇಲ್ಲದಾಗ ಮಾತ್ರ ವಿಕಲ್ಪ, ಅಂದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ಅದಕ್ಕೂ ಎಂಟು ದೋಷಗಳನ್ನು ಹೇಳಲಾಗಿದೆ.

ಈ ವಿಧಾನ ಯಜ್ಞಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ, ಎರಡು ಸ್ಮೃತಿವಚನಗಳು ವಿರೋಧಿಸಿದಾಗ ನ್ಯಾಯವೇ ಬಲವೆಂಬ ಮಾತನ್ನು ವಿವರಿಸುತ್ತ, ಆ ನ್ಯಾಯವೆಂದರೆ ಉತ್ಸರ್ಗ, ಅಪವಾದ ಮೊದಲಾದ ತತ್ತ್ವಗಳಿಂದ ಒಂದೊಂದು ವಚನಕ್ಕೂ ಅದರದೇ ವಿಷಯವನ್ನು ಗೊತ್ತುಪಡಿಸುವುದು ಎಂದ. ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರಿನ ಪುಟಗಳಲ್ಲಿ ವಿಧಿಯ ನಡುವೆ ಚೌಕಾವರಣದಲ್ಲಿ ಸೇರಿಸಿರುವ ಅಪವಾದಗಳನ್ನು ನೋಡಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಕಲ್ಯಾಣದ ಪಂಡಿತನಿಗೂ ಬಾಲ್ಟಿಮೋರಿನ ಸಂಪಾದಕರಿಗೂ ಸಂಬಂಧವೇನೂ ಇಲ್ಲ. ಪಠ್ಯವೊಂದನ್ನೇ ನೆಚ್ಚಿ ಬಾಳುವವರೆಲ್ಲ ಇಂಥ ಉಪಾಯಗಳಿಗೇ ಬಂದು ಸೇರುತ್ತಾರೆಂಬುದೇ ಇಲ್ಲಿ ಗಮನಾರ್ಹ.

ಹೊಸ ಆಟಗಾರರಿಗೆ ಹಿರಿಯರು ಹೇಳಿಕೊಡುವ ಒಂದು ಸೂತ್ರ ಇನ್ನೂ ಆಳವಾದದ್ದನ್ನು ಹೊರಗೆಡಹುತ್ತದೆ. ನಿಯಮ ಏನನ್ನು ಮಾಡಬಹುದೆನ್ನುತ್ತದೋ ಅದರ ಮೇಲೆ ಮನಸ್ಸಿಡಬೇಕು, ನಿಷೇಧ ಕಾಣದಿದ್ದುದನ್ನು ಅನುಮತಿಯೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಮೀಮಾಂಸೆಯ ಪರಿಭಾಷೆಯಲ್ಲಿ ಇದು ಪರಿಸಂಖ್ಯಾವಿಧಿಯ ಮನೋಭಾವ. ಐದು ಉಗುರುಗಳಿರುವ ಪ್ರಾಣಿಗಳಲ್ಲಿ ಇಂಥ ಐದನ್ನು ತಿನ್ನಬಹುದು ಎಂಬ ವಚನವನ್ನು ಶಾಸ್ತ್ರಕಾರರು ತಿನ್ನಬೇಕೆಂಬ ಆಜ್ಞೆಯಾಗಿ ಓದದೆ, ಉಳಿದವನ್ನು ತಿನ್ನಬಾರದೆಂಬ ನಿವಾರಣೆಯಾಗಿ ಓದುತ್ತಾರೆ. ಅನುಮತಿಯ ರೂಪದಲ್ಲಿರುವ ಮಾತು ಹೊರಗಿಡುವ ಕೆಲಸ ಮಾಡುತ್ತದೆ. ಇದಕ್ಕೂ ನಿಯಮವಿಧಿಗೂ ವ್ಯತ್ಯಾಸವಿದೆ. ಭತ್ತದ ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದು, ಕುಟ್ಟಿಯೂ ತೆಗೆಯಬಹುದು. ಕುಟ್ಟಬೇಕೆಂಬ ವಿಧಿ ಹಲವು ದಾರಿಗಳಲ್ಲಿ ಒಂದನ್ನು ಗೊತ್ತುಮಾಡುತ್ತದೆ. ಹೊಸಬನಿಗೆ ಗೊಂದಲವಾಗುವುದು ಬಹುಪಾಲು ಇಲ್ಲಿಯೇ: ನಿಜವಾದ ಸೈನಿಕ ಹೀಗೆ ಮಾಡಬಲ್ಲನಲ್ಲ, ಹಾಗಾದರೆ ಈ ಕಾಯಿ ಏಕೆ ಮಾಡಬಾರದು ಎಂದು ಅವನು ಲೋಕಾನುಭವವನ್ನು ಪಠ್ಯದ ಖಾಲಿ ಜಾಗಗಳಿಗೆ ತುಂಬಲು ಹೊರಡುತ್ತಾನೆ. ಅವನ ವಾದ ಅಸಂಬದ್ಧವಲ್ಲ, ಆದರೆ ಅದನ್ನು ಒಪ್ಪಿದರೆ ಆಟ ಮತ್ತೆ ತೀರ್ಪುಗಾರನಿಗಾಗಿ ಕಾಯಬೇಕಾಗುತ್ತದೆ.

ಹೀಗೆ ಕಲಿಕೆ ಸಾಗಬೇಕಾದರೆ ಮೊದಲು ಬೇಕಾಗುವುದು ಪಠ್ಯಕ್ಕೆ ಒಂದು ಬಗೆಯ ಮುಂಗಡ ಒಪ್ಪಿಗೆ. ಚದುರಿದಂತೆ ಕಾಣುವ ವಿಧಿಗಳು ಒಟ್ಟಿಗೆ ಒಂದು ಅರ್ಥಕ್ಕೆ ಸೇರುತ್ತವೆಂಬ ಏಕವಾಕ್ಯತೆಯ ಭಾವನೆ, ವಿರೋಧ ಕಂಡರೆ ಅದು ಮೊದಲು ತನ್ನ ಓದಿನ ಕೊರತೆಯಿರಬಹುದೆಂಬ ವಿನಯ, ಇವು ಇಲ್ಲದವನು ಮೂರನೆಯ ಪುಟದಲ್ಲೇ ಪುಸ್ತಕವನ್ನು ಮುಚ್ಚುತ್ತಾನೆ. ಇದನ್ನು ಶ್ರದ್ಧೆಯೆಂದು ಕರೆಯುವುದರಲ್ಲಿ ತಪ್ಪಿಲ್ಲ. ಪಠ್ಯ ನಿರ್ದುಷ್ಟವೆಂಬ ನಂಬಿಕೆ ಇದಲ್ಲ. ಆಟದ ಪ್ರಕಾಶಕರೇ ತಿದ್ದುಪಡಿಯ ಹಾಳೆಗಳನ್ನು ಹೊರಡಿಸಿದ್ದಾರೆ. ತನ್ನ ತಿಳಿವಳಿಕೆ ಬೆಳೆಯುವವರೆಗೆ ಅನುಸರಣೆಯನ್ನು ತಡೆಹಿಡಿಯದಿರುವ ನಿಲುವು ಇದು. ವಿಚಾರವಂತರು ಇಂಥ ನಿಲುವನ್ನು ಬುದ್ಧಿಯ ಶರಣಾಗತಿಯೆಂದು ತಳ್ಳಿಹಾಕುವುದುಂಟು, ಆ ಭಯಕ್ಕೆ ಇತಿಹಾಸದಲ್ಲಿ ಸಾಕಷ್ಟು ಕಾರಣಗಳೂ ಇವೆ. ಜನ್ಮದಿಂದ ಹೇರಿದ, ಬಿಟ್ಟುಹೋಗಲು ಬಾರದ ನಿಯಮಕ್ಕೆ ಶ್ರದ್ಧೆ ಕೇಳುವುದು ಅನ್ಯಾಯ. ಯುದ್ಧದಾಟ ಆ ಅನ್ಯಾಯದಿಂದ ಮುಕ್ತವಾಗಿರುವುದರಿಂದಲೇ ಇಲ್ಲಿ ತೋರುವ ಅಂಶಕ್ಕೆ ಬೆಲೆ: ಯಾರೂ ಬಲವಂತ ಮಾಡದಿದ್ದಾಗಲೂ ತಿಳಿವಿಗೆ ಮೊದಲು ಒಪ್ಪಿಗೆ ಬೇಕಾಗುತ್ತದೆ.

ಆಟದ ನಿಯಮಕ್ಕೂ ಯುದ್ಧದ ನಿಯಮಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯುವಂತಿಲ್ಲ. ಜಾನ್ ಸರ್ಲ್ 1969ರಲ್ಲಿ ಎರಡು ಬಗೆಯ ನಿಯಮಗಳನ್ನು ಬೇರ್ಪಡಿಸಿದ: ಮೊದಲೇ ಇರುವ ನಡವಳಿಕೆಯನ್ನು ಹತೋಟಿಯಲ್ಲಿಡುವವು ಕೆಲವು, ನಡವಳಿಕೆಯನ್ನೇ ಉಂಟುಮಾಡುವವು ಕೆಲವು. ಕುರುಕ್ಷೇತ್ರದಲ್ಲಿ ಕಾಳಗಕ್ಕೆ ಮುಂಚೆ ಎರಡೂ ಪಕ್ಷಗಳು ರಥಿಕ ರಥಿಕನೊಡನೆಯೇ ಕಾದಬೇಕು, ಶರಣಾದವನನ್ನು ಹೊಡೆಯಬಾರದು ಎಂದು ಮುಂತಾಗಿ ಒಪ್ಪಂದ ಮಾಡಿಕೊಂಡವು. ಅವೆಲ್ಲ ಒಂದೊಂದಾಗಿ ಮುರಿದರೂ ಯುದ್ಧ ನಿಲ್ಲಲಿಲ್ಲ. ಕಡೆಗೆ ಗದೆಯ ಕಾಳಗದಲ್ಲಿ ಭೀಮ ನಾಭಿಯ ಕೆಳಗೆ ತೊಡೆಗೆ ಹೊಡೆದಾಗ ಬಲರಾಮ ಕೆರಳಿದ, ಆದರೂ ದುರ್ಯೋಧನ ಬಿದ್ದದ್ದು ಬಿದ್ದದ್ದೇ. ಹತ್ತನೆಯ ಶತಮಾನದಲ್ಲಿ ರನ್ನ ಇಡೀ ಮಹಾಭಾರತದೊಳಗಿಂದ ಈ ದ್ವಂದ್ವಯುದ್ಧವನ್ನೇ ಆರಿಸಿ ‘ಗದಾಯುದ್ಧ’ವನ್ನು ಕಟ್ಟಿದ. ಹಲಗೆಯ ಮೇಲೆ ಇಂಥ ಹೊಡೆತ ಅಸಾಧ್ಯ. ವಿಧಿಯಿಲ್ಲದ ನಡೆಯನ್ನು ನಡೆಸಿದವನು ಅನ್ಯಾಯವಾಗಿ ಗೆದ್ದವನಾಗುವುದಿಲ್ಲ, ಆಡದೇ ಇದ್ದವನಾಗುತ್ತಾನೆ. ಸಾವು ಕಾಯಿಯನ್ನು ಹಲಗೆಯಿಂದ ತೆಗೆಯುವ ಕ್ರಿಯೆಯಾಗಿ ಇಳಿದಿರುವ ಈ ಆಟದಿಂದ ಯುದ್ಧವೇ ತಿಳಿಯಿತೆಂದುಕೊಳ್ಳುವ ಅಪಾಯ ಇಲ್ಲಿಂದಲೇ ಹುಟ್ಟುತ್ತದೆ, ಏಕೆಂದರೆ ಯುದ್ಧದ ಘೋರತೆಯ ಬಹುಭಾಗ ನಿಯಮ ಮುರಿದ ಮೇಲೂ ಅದು ಮುಂದುವರಿಯುವುದರಲ್ಲಿದೆ.

ಹಾಗಾದರೆ ತಿಳಿಯದೆ ಮಾಡಿದ ತಪ್ಪಿನ ಗತಿಯೇನು? ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರಿನ ಆರಂಭದ ವಿಧಿಗಳಲ್ಲೇ ಇದಕ್ಕೆ ಉತ್ತರವಿದೆ: ತಪ್ಪು ಪತ್ತೆಯಾಗುವ ಹೊತ್ತಿಗೆ ಆಟ ಆ ಹಂತವನ್ನು ದಾಟಿದ್ದರೆ ಫಲಿತಾಂಶ ನಿಲ್ಲುತ್ತದೆ, ಹಿಂದಕ್ಕೆ ಹೋಗಿ ಸರಿಪಡಿಸುವಂತಿಲ್ಲ. ಶ್ರೌತ ಕರ್ಮದಲ್ಲೂ ಪಾತ್ರೆ ಒಡೆದರೆ ಯಾಗವನ್ನು ಮೊದಲಿನಿಂದ ಆರಂಭಿಸುವ ಬದಲು ಅದಕ್ಕೆಂದೇ ವಿಧಿಸಿದ ಪ್ರಾಯಶ್ಚಿತ್ತದ ಆಹುತಿ ಕೊಟ್ಟು ಮುಂದುವರಿಯುತ್ತಾರೆ. ಪರಿಪೂರ್ಣ ಅನುಸರಣೆ ಯಾರಿಂದಲೂ ಆಗದೆಂಬುದನ್ನು ಎರಡೂ ನಿಯಮದೊಳಗೇ ಸೇರಿಸಿಕೊಂಡಿವೆ, ಮತ್ತು ಕಲಿಯುವವನು ತಪ್ಪುತ್ತಲೇ ಆಚರಣೆಯೊಳಗೆ ಉಳಿಯಲು ಸಾಧ್ಯವಾಗುವುದು ಅದರಿಂದಲೇ. ಭೇದವಿರುವುದು ತಪ್ಪನ್ನು ಕಾಯುವವರಲ್ಲಿ. ಯಾಗದಲ್ಲಿ ಬ್ರಹ್ಮನೆಂಬ ಋತ್ವಿಜ ಬಹುಮಟ್ಟಿಗೆ ಮೌನವಾಗಿ ಕುಳಿತು ಉಳಿದವರ ಲೋಪಗಳನ್ನು ಗಮನಿಸಿ ಪರಿಹರಿಸುತ್ತಾನೆ. ಯುದ್ಧದಾಟದ ಮೇಜಿನಲ್ಲಿ ಅಂಥ ಮೂರನೆಯವನಿಲ್ಲ; ಹೊಸಬನು ತನಗೇ ನಷ್ಟವಾಗುವಂತೆ ವಿಧಿಯನ್ನು ತಪ್ಪಾಗಿ ಓದಿದಾಗ, ಆ ತಪ್ಪಿನಿಂದ ಲಾಭ ಪಡೆಯಬಹುದಾದ ಎದುರಾಳಿಯೇ ಪುಟವನ್ನು ತೆರೆದು, ಆ ಹಂತ ದಾಟುವ ಮುನ್ನ, ಸರಿಯಾದ ವಿಧಿಯನ್ನು ತೋರಿಸಬೇಕಾಗುತ್ತದೆ.